ದಿಬ್ಬದ ಹಿರೀಕರ ಅಂಬಲಿ

ಅಮ್ಮನ ಚಟ್ಟಕ್ಕೆ ಹೆಗಲು ಕೊಡಲು ನಾಗಭೂಷಣ ಬಾಗಿದ್ದನಷ್ಟೇ, ಪಟಾಲಮ್ಮ ಅಡ್ಡ ಬಂದಳು.

"ತಡಿಯೋ ನಾಗ. ಕಲ್ಗುಡ್ಡೆಗೆ ಅಂಬ್ಲಿ ಉಯ್ದ್ರಾ?"

ಸತ್ತ ಮುನಿಕೆಂಪಮ್ಮನ ತಂಗಿ ಅವಳು. ಬೆಳಿಗ್ಗೆ ಜಕ್ಕೂರಿನಿಂದ ಆಟೋದಲ್ಲಿ ಬಂದಿದ್ದಳು. ಮಾಕಳಿಯ ಆ ಮನೆಯಲ್ಲಿ ಯಾರು ಸತ್ತರೂ, ಗುಣಿಗಿಳಿಸುವ ಮೊದಲು ದಿಬ್ಬದ ಕಲ್ಲುಗುಡ್ಡೆಗೆ ಅಂಬಲಿ ಎರೆದು ಜಾಗ ಕೇಳಬೇಕು. ಯಾವ ಕಾಲದವರೋ ತಮ್ಮ ಸತ್ತವರನ್ನು ಚಪ್ಪಡಿಗಳ ನಡುವೆ ಮಲಗಿಸಿ, ಮೇಲೆ ಕಲ್ಲು ಪೇರಿಸಿದ್ದ ಗುಡ್ಡೆ. ಮನೆಯವರ ಪಾಲಿಗೆ ಅವರೂ ಹಿರೀಕರೇ.

"ದಾರೀಲಿ ಉಯ್ಯೋಣ ಚಿಕ್ಕಮ್ಮ. ಲೇಟಾಗ್ತೈತೆ."

"ಆಗ್ಲಿ. ಕರೀದೆ ಯಾರ ಮನೆ ಒಸ್ಲೂ ತುಳಿದೋಳಲ್ಲ ನಮ್ಮಕ್ಕ. ಈಗ ತುಳೀತಾಳಾ?"

ಕೆಲವರು ನಕ್ಕರು. ನಾಗಭೂಷಣನ ಹೆಂಡತಿ ನಾಗಲಕ್ಷ್ಮಿ ನೆಲ ನೋಡಿದಳು. ಅಲ್ಲಿದ್ದವರಿಗೆಲ್ಲ ವಿಷಯ ಗೊತ್ತಿತ್ತು. ವರ್ಷಗಳಿಂದ ದಿಬ್ಬದ ಕಡೆ ಕಾಲಿಡದ ಪಟಾಲಮ್ಮನಿಗೆ ಮಾತ್ರ ಗೊತ್ತಿರಲಿಲ್ಲ.

*

ಮುನಿಕೆಂಪಮ್ಮ ಸೊಂಟ ಮುರಿದು ಹಾಸಿಗೆ ಹಿಡಿದ ವರ್ಷವೇ ದಿಬ್ಬವನ್ನು ಮಗ ಲೇಔಟ್ ಮಾಡಿದ್ದ. ಜೆಸಿಬಿ ಚಪ್ಪಡಿ ಎತ್ತಿದಾಗ ಕಪ್ಪು-ಕೆಂಪು ಮಡಕೆಯ ಚೂರುಗಳು, ತುಕ್ಕು ತಿಂದ ಕುಡುಗೋಲು, ಮಣ್ಣಿಗೆ ಕಚ್ಚಿಕೊಂಡ ಮೂಳೆಗಳು ಕಂಡವು. ಡ್ರೈವರ್ ಸಲ್ಮಾನ್ ಇಂಜಿನ್ ನಿಲ್ಲಿಸಿದ.

"ಅಣ್ಣಾ, ಮನುಷ್ಯರದು. ಏನ್ ಮಾಡ್ಲಿ?"

"ಮಣ್ಣಿನ್ ಜೊತೆ ಲಾರಿಗೆ ಹಾಕು ಗುರು."

ಆಮೇಲೂ ಪ್ರತಿ ಮಹಾಲಯ ಅಮಾವಾಸ್ಯೆಗೆ ಅಮ್ಮ ಮಲಗಿದಲ್ಲಿಂದಲೇ ಹೇಳಿ ಅಂಬಲಿ ಕಾಯಿಸಿ ಮಗನ ಕೈಲಿ ಕಳಿಸುತ್ತಿದ್ದಳು. ಅವನು ತಿರುವಿನಾಚೆ ಕಾರು ನಿಲ್ಲಿಸಿ ಚರಂಡಿಗೆ ಸುರಿದು, ಖಾಲಿ ಚೆಂಬು ತಂದು ತೋರಿಸುತ್ತಿದ್ದ.

"ಕುಡುದ್ರೇನಪ್ಪಾ?"

"ಕುಡುದ್ರಮ್ಮ. ಒಂದ್ ತೊಟ್ಟೂ ಬುಡ್ಲಿಲ್ಲ."

ಅವಳ ಬೋಳುಬಾಯಿ ಅರಳುತ್ತಿತ್ತು. "ಪಾಪ, ಅಸ್ಕೊಂಡಿದ್ರು."

*

ಗುಣಿ ತೋಡಿದ್ದು ಲೇಔಟಿನ ಮೇಲುತುದಿಯಲ್ಲಿ, ಮಾರದೆ ಉಳಿದಿದ್ದ ಮೂಲೆಯಲ್ಲಿ. ಚಟ್ಟದ ಮುಂದೆ ಅಂಬಲಿಯ ಚೆಂಬು ಹಿಡಿದು ನಡೆಯುತ್ತಿದ್ದ ಪಟಾಲಮ್ಮ ಏರಿನ ಟಾರು ರಸ್ತೆಯಲ್ಲಿ ನಿಂತುಬಿಟ್ಟಳು. ಎಡಕ್ಕೆ ಮನೆಗಳು, ಬಲಕ್ಕೆ ಮನೆಗಳು.

"ಎಲ್ಲೋ ನಾಗ, ಗುಡ್ಡೆ?"

"ನೀನ್ ನಿಂತಿರೋದೇ ಅಲ್ಲಿ, ಚಿಕ್ಕಮ್ಮ."

ಅವಳು ಕಾಲಡಿಯ ಟಾರು ನೋಡಿದಳು.

"ಅಕ್ಕಂಗೆ ಗೊತ್ತಿತ್ತಾ?"

ಅವನು ತಲೆಯಾಡಿಸಿದ, ಇಲ್ಲವೆಂದು.

"ಮತ್ತೆ ಅವ್ಳು ವರ್ಸಾವರ್ಸ ಕಳಿಸ್ತಿದ್ದ ಅಂಬ್ಲಿ?"

ಪಟಾಲಮ್ಮ ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿ, ನಿಂತಲ್ಲೇ ಚೆಂಬು ಬಗ್ಗಿಸಿದಳು.

"ಅಪ್ಪಂದ್ರಾ, ನಮ್ಮಕ್ಕ ಬತ್ತವ್ಳೆ. ಒಸಿ ಜಾಗ ಬುಡಿ."

ಟಾರು ಅದನ್ನು ಹೀರಲಿಲ್ಲ. ಅಂಬಲಿ ಇಳಿಜಾರಿನಲ್ಲಿ ನಿಧಾನವಾಗಿ ಜಾರಿ ಬಂದು ನಾಗಭೂಷಣನ ಬರಿಗಾಲಿಗೆ ತಾಕಿತು, ಬೆರಳುಗಳ ಸಂದಿಯಲ್ಲಿ ತುಂಬಿಕೊಂಡಿತು. ಹೆಗಲ ಮೇಲೆ ಅಮ್ಮನಿದ್ದಳು. ಅವನು ಕಾಲು ಕದಲಿಸಲಾರದೆ ನಿಂತಿದ್ದ.