ಹತ್ತನೇ ಹೆಸರು

ಗಂಗಾಧರ ತುಮಕೂರಿನ ಆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದ. ಹನ್ನೊಂದು ವರ್ಷವೂ ಅತಿಥಿ ಉಪನ್ಯಾಸಕನಾಗಿಯೇ. ವರ್ಷ ಶುರುವಾದಾಗ ಒಂದು ಆದೇಶ ಕೈಗೆ ಬರುತ್ತಿತ್ತು, ಪರೀಕ್ಷೆ ಮುಗಿದಾಗ ಅದರ ಆಯುಸ್ಸೂ ಮುಗಿಯುತ್ತಿತ್ತು. ಮನೆ ಇದ್ದದ್ದು ಕುಣಿಗಲ್‌ನಲ್ಲಿ. ಹೆಂಡತಿ ನೇತ್ರಾವತಿ ಅಲ್ಲೇ ಒಂದು ನರ್ಸರಿ ಶಾಲೆಯಲ್ಲಿ ಟೀಚರು. ಅವನು ದಿನಾ ಏಳು ಗಂಟೆಯ ಬಸ್ಸಿಗೆ ಹೊರಟರೆ ವಾಪಸ್ಸು ಬರುವಷ್ಟರಲ್ಲಿ ಮಗಳು ಹೋಂವರ್ಕ್ ಮುಗಿಸಿರುತ್ತಿದ್ದಳು.

ಹುಡುಗರಿಗೆ ಅವನ ಹತ್ತಿರ ಸಲುಗೆ. ಯಾವ ಅರ್ಜಿ ಎಲ್ಲಿ ಹಾಕಬೇಕು, ಯಾವ ವಿಷಯ ಬಿಟ್ಟರೆ ಏನು ತಪ್ಪುತ್ತದೆ ಅನ್ನುವುದನ್ನೆಲ್ಲ ಬೇಸರವಿಲ್ಲದೆ ಹೇಳುತ್ತಿದ್ದ. ಹಾಗಾಗಿ ಮೂರು ವರ್ಷದ ಡಿಗ್ರಿ ಮುಗಿಸಿದವರಿಗೆ ನಾಲ್ಕನೇ ವರ್ಷದ ಆನರ್ಸ್ ಶುರು ಮಾಡುವ ಯೋಚನೆ ಬಂದಾಗ, ಪ್ರಿನ್ಸಿಪಾಲ್ ಪ್ರಭುದೇವ ಅವರು ಗಣಿತದ ಹುಡುಗರಿಗೆ ಸಲಹೆಗಾರನನ್ನಾಗಿ ಇವನನ್ನೇ ಹಾಕಿದರು. ಹಾಕುವಾಗ ಬಾಗಿಲು ಮುಂದೆ ಮಾಡಿ ಇನ್ನೊಂದು ಮಾತನ್ನೂ ಹೇಳಿದರು. ಹತ್ತು ಜನ ಸೇರದಿದ್ದರೆ ಆಡಳಿತ ಮಂಡಳಿ ಆನರ್ಸ್ ನಡೆಸುವುದಿಲ್ಲ. ಮೊದಲ ವರ್ಷದ ಗಣಿತಕ್ಕೆ ಹುಡುಗರು ಕಡಿಮೆಯಾಗಿದ್ದಾರೆ, ಆನರ್ಸ್ ಇಲ್ಲದಿದ್ದರೆ ಗಂಗಾಧರನಿಗೆ ಕೊಡಲು ಪಾಠಗಳಿಲ್ಲ, ಪಾಠಗಳಿಲ್ಲದಿದ್ದರೆ ಆದೇಶವೂ ಇಲ್ಲ.

ಒಂಬತ್ತು ಜನ ಸಿಕ್ಕಿದರು. ಹತ್ತನೆಯವಳಾಗಿ ಬಂದವಳು ಪಲ್ಲವಿ.

ಪಲ್ಲವಿ ಗುಬ್ಬಿಯವಳು. ತಂದೆ ಇಲ್ಲ. ತಾಯಿ ಕಲ್ಲಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಮೂರು ವರ್ಷವೂ ಗಣಿತದಲ್ಲಿ ತರಗತಿಗೇ ಮೊದಲು ಬಂದ ಹುಡುಗಿ, ಆದರೆ ಕೈ ಎತ್ತಿ ಉತ್ತರ ಹೇಳಿದ್ದು ಕಡಿಮೆ. ಹೈಸ್ಕೂಲ್ ಟೀಚರ್ ಆಗಬೇಕು ಅನ್ನುವುದನ್ನು ಬಿಟ್ಟು ಬೇರೆ ಆಸೆಯನ್ನು ಅವಳು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆ ಆಗಸ್ಟ್‌ನಲ್ಲಿ ಕುಣಿಗಲ್‌ನ ಒಂದು ಕಾಲೇಜಿನಲ್ಲಿ ಅವಳಿಗೆ ಬಿ.ಎಡ್. ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಅದನ್ನು ಹೇಳಿ, ಆನರ್ಸ್ ಮಾಡಲೋ ಬಿ.ಎಡ್. ಸೇರಲೋ ಎಂದು ಕೇಳಿದಳು.

ಬೇರೆ ಯಾವ ವರ್ಷವಾಗಿದ್ದರೂ ಗಂಗಾಧರ ಅರ್ಧ ನಿಮಿಷವೂ ಯೋಚಿಸುತ್ತಿರಲಿಲ್ಲ. ಸಿಕ್ಕ ಸೀಟು ಬಿಡಬೇಡ ಅನ್ನುತ್ತಿದ್ದ. ಆ ದಿನ ಅವನು ಆನರ್ಸ್ ಡಿಗ್ರಿಯ ಬೆಲೆಯನ್ನು ವಿವರಿಸಿದ. ಪ್ರಾಜೆಕ್ಟ್ ಮಾಡಬಹುದು, ಎಂ.ಎಸ್ಸಿ. ಒಂದೇ ವರ್ಷಕ್ಕೆ ಮುಗಿಯಬಹುದು, ಕಾಲೇಜು ಲೆಕ್ಚರರ್ ಆಗುವವಳು ಹೈಸ್ಕೂಲಿಗೆ ಯಾಕೆ ನಿಲ್ಲಬೇಕು, ಬಿ.ಎಡ್. ಸೀಟು ಮುಂದಿನ ವರ್ಷವೂ ಸಿಗುತ್ತದೆ ಎಂದ. ಹೇಳುತ್ತಿರುವಾಗಲೇ, ಇದರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ ಎಂದು ತನಗೆ ತಾನು ಸಮಾಧಾನ ಮಾಡಿಕೊಂಡ.

ಅವಳು ಪಟ್ಟಿಯ ಹತ್ತನೇ ಸಾಲಿನಲ್ಲಿ ಹೆಸರು ಬರೆದಳು. ಮರುವಾರ ಅವನಿಗೆ ಆದೇಶ ಬಂತು.

ಆನರ್ಸ್ ಪಾಠ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಪ್ರಾಜೆಕ್ಟಿಗೆ ಮಾರ್ಗದರ್ಶನ ಮಾಡಲು ಪಿಎಚ್.ಡಿ. ಆದವರು ವಿಭಾಗದಲ್ಲಿ ಒಬ್ಬರೇ ಇದ್ದದ್ದು. ಅವರು ಅಕ್ಟೋಬರ್ ಕೊನೆಗೆ ಬೇರೆ ಕಾಲೇಜಿಗೆ ಹೊರಟುಹೋದರು. ಆಮೇಲೆ ವಾರದಲ್ಲಿ ಮೂರು ಮಧ್ಯಾಹ್ನ ಹತ್ತು ಹುಡುಗರು ಖಾಲಿ ಕೋಣೆಯಲ್ಲಿ ಕೂತು ಎದ್ದು ಹೋಗುತ್ತಿದ್ದರು.

ನವೆಂಬರ್ ಮಧ್ಯದಲ್ಲಿ ಪಲ್ಲವಿ ಒಂದು ಫಾರಂ ತುಂಬಿಕೊಂಡು ಬಂದಳು. ಆನರ್ಸ್ ಬಿಟ್ಟು ಮೂರು ವರ್ಷದ ಡಿಗ್ರಿ ಪ್ರಮಾಣಪತ್ರ ಪಡೆಯುವ ಅರ್ಜಿ ಅದು. ಆನರ್ಸ್ ಸೇರಿದವರಿಗೆ ಅದಿಲ್ಲದೆ ಪ್ರಮಾಣಪತ್ರ ಕೊಡುತ್ತಿರಲಿಲ್ಲ. ಸಲಹೆಗಾರನ ಸಹಿ ಬೀಳಬೇಕು, ಆ ತಿಂಗಳ ಕೊನೆಯೊಳಗೆ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಗಂಗಾಧರ ಓದಿ, "ಜನವರೀಲಿ ಹೊಸ ಗೈಡ್ ಬರ್ತಾರೆ ಕಣಮ್ಮ, ಇನ್ನೊಂಚೂರು ನೋಡು" ಎಂದ. ಹೊಸ ಗೈಡ್ ಬರುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವಳು ನಿಂತೇ ಇದ್ದಳು. ನೋಡಲು ಇಷ್ಟವಿಲ್ಲ, ಕಳಿಸಿಬಿಡಿ ಸಾರ್ ಎಂದಳು. ಅವನು ಸರಿ ಎಂದು ತಲೆಯಾಡಿಸಿ ಫಾರಂ ತೆಗೆದುಕೊಂಡ. ಸಹಿಯನ್ನೂ ಹಾಕಿದ. ಕಚೇರಿಗೆ ಮಾತ್ರ ಕೊಡಲಿಲ್ಲ. ಒಬ್ಬಳು ಹೋದರೆ ಒಂಬತ್ತಾಗುತ್ತದೆ, ಒಂಬತ್ತಾದರೆ ಮಂಡಳಿಯವರು ಎರಡನೇ ಸೆಮಿಸ್ಟರ್ ನಡೆಸುವುದಿಲ್ಲ. ನಾಳೆ ಕೊಟ್ಟರಾಯಿತು ಎಂದು ಇಟ್ಟದ್ದು ಮೇಜಿನ ಡ್ರಾಯರಿನಲ್ಲೇ ಉಳಿಯಿತು. ಅವಳು ಎರಡು ಸಲ ವಿಚಾರಿಸಿದಳು. ಮೇಲೆ ಹೋಗಿದೆ, ಬರುತ್ತದೆ ಎಂದು ಎರಡು ಸಲವೂ ಹೇಳಿದ.

ಫೆಬ್ರವರಿಯಲ್ಲಿ ಇಬ್ಬರು ಹುಡುಗರು ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಿದರು. ಮಂಡಳಿ ಆನರ್ಸ್ ಮುಚ್ಚಿತು. ಆನರ್ಸ್ ಬಿಡುವ ಎಲ್ಲರ ಅರ್ಜಿಗಳನ್ನೂ ಒಟ್ಟಿಗೆ ಮಾರ್ಚ್‌ನಲ್ಲಿ ಕಳಿಸಿದರು, ಏಪ್ರಿಲ್‌ನಲ್ಲಿ ಒಟ್ಟಿಗೆ ವಾಪಸ್ಸು ಬಂದವು. ಗಂಗಾಧರ ತಾನೇ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ವಿಚಾರಿಸಿದ. ಗುಂಡಯ್ಯ ಎಂಬ ಗುಮಾಸ್ತರು ಕನ್ನಡಕ ಹಣೆಗೇರಿಸಿ, ಗಡುವು ಮೀರಿರುವುದರಿಂದ ವಿಶೇಷ ಅನುಮತಿ ಬೇಕು, ಆರೇಳು ತಿಂಗಳಾಗುತ್ತದೆ ಎಂದರು. "ನವೆಂಬರ್‌ನಲ್ಲಿ ಒಂದು ಕಾಗದ ಬಂದಿದ್ರೆ ಹದಿನೈದು ದಿನದ ಕೆಲ್ಸ ಇದು ಮೇಷ್ಟ್ರೇ."

ಆ ವರ್ಷದ ಆಗಸ್ಟ್‌ನಲ್ಲಿ ಮತ್ತೆ ಬಿ.ಎಡ್. ಅರ್ಜಿಗೆ ಡಿಗ್ರಿ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಪಲ್ಲವಿಯ ಬಳಿ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅವಳು ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಐದೂವರೆಗೆ ಗುಬ್ಬಿ ಬಸ್‌ಸ್ಟ್ಯಾಂಡ್ ಹತ್ತಿರ ವ್ಯಾನು ಬರುತ್ತಿತ್ತು.

ಅದೇ ಹೊತ್ತಿಗೆ ಪ್ರಭುದೇವ ಅವರು ಮತ್ತೆ ಹತ್ತು ಹೆಸರು ಕೇಳಿದರು. ಗಂಗಾಧರ ಹೊಸ ಹುಡುಗರನ್ನು ಕೂರಿಸಿಕೊಂಡು, ಗೈಡ್ ಇಲ್ಲ, ಹೋದ ವರ್ಷ ನಡುವೆಯೇ ಮುಚ್ಚಿದೆ, ನೀವು ಸೇರಿದರೆ ನನಗೆ ಕೆಲಸ ಉಳಿಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನಾಲ್ಕು ಹೆಸರು ಬಿದ್ದವು. ಅವನಿಗೆ ಆದೇಶ ಬರಲಿಲ್ಲ. ನೇತ್ರಾವತಿ, ಹೋದ ವರ್ಷವೇ ಹೀಗೆ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದಳು. ಅವನು ಕುಣಿಗಲ್‌ನಲ್ಲೇ ಪಿಯು ಹುಡುಗರ ಟ್ಯೂಷನ್ ಸೆಂಟರ್ ಒಂದನ್ನು ಸೇರಿಕೊಂಡ.

ಅಕ್ಟೋಬರ್‌ನಲ್ಲಿ ಪ್ರಮಾಣಪತ್ರ ಬಂತು. ಕೆಲಸವಿಲ್ಲದಿದ್ದರೂ ಗಂಗಾಧರ ತುಮಕೂರಿಗೆ ಹೋಗಿ ಪಲ್ಲವಿಯದನ್ನು ಕೇಳಿ ತೆಗೆದುಕೊಂಡು, ಭಾನುವಾರ ಗುಬ್ಬಿಗೆ ಹೋದ. ರೈಲ್ವೆ ಸ್ಟೇಷನ್ ಹಿಂದೆ ಶೀಟಿನ ಮನೆ. ಕಲ್ಲಮ್ಮ ಚಾಪೆ ಹಾಸಿದಳು. ನಮ್ಮ ಹುಡುಗಿಗೆ ನಿಮ್ಮಷ್ಟು ಯಾರೂ ಮಾಡಿಲ್ಲ, ಮನೆವರೆಗೂ ಬಂದಿದ್ದೀರಿ ಎಂದು ಎರಡೆರಡು ಸಲ ಹೇಳಿ, ಕಾಫಿಗೆ ಹಾಲು ತರಲು ಅಂಗಡಿಗೆ ಹೋದಳು.

ಅವಳು ಹೋದಮೇಲೆ ಗಂಗಾಧರ ಪ್ರಮಾಣಪತ್ರದ ಲಕೋಟೆಯನ್ನು ಪಲ್ಲವಿಗೆ ಕೊಟ್ಟು, ಹತ್ತು ಜನ ಬೇಕಾಗಿತ್ತು, ಅದಕ್ಕೇ ನಿನಗೆ ಹಾಗೆ ಹೇಳಿದೆ ಎಂದ.

"ಗೊತ್ತಿತ್ತು ಸಾರ್" ಎಂದಳು ಪಲ್ಲವಿ. "ಕ್ಲಾಸಲ್ಲಿ ಎಲ್ರಿಗೂ ಗೊತ್ತಿತ್ತು."

"ಮತ್ತೆ ಯಾಕಮ್ಮ ಬರ್ದೆ?"

"ನಮ್ಮನೇಲಿ ಕಾಲೇಜು ಮೆಟ್ಲು ಹತ್ತಿದೋರು ಯಾರೂ ಇಲ್ಲ. ಕೇಳೋಕೆ ನೀವೊಬ್ರೇ ಇದ್ದದ್ದು. ನಿಮಗೆ ಎಷ್ಟೇ ಕಷ್ಟ ಇದ್ರೂ ನನಗೆ ಸರಿಯಾಗಿರೋದನ್ನೇ ಹೇಳ್ತೀರಿ ಅಂದ್ಕೊಂಡೆ."

ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನವೆಂಬರ್‌ನ ಫಾರಂ ಕಳಿಸಿರಲಿಲ್ಲ, ಡ್ರಾಯರಿನಲ್ಲಿಟ್ಟುಕೊಂಡಿದ್ದೆ ಎಂಬುದನ್ನೂ ಹೇಳಿದ.

ಪಲ್ಲವಿ ಲಕೋಟೆಯ ಮೇಲಿನ ತನ್ನ ಹೆಸರನ್ನು ನೋಡುತ್ತಾ ಕೂತಳು. ಪ್ಯಾಕಿಂಗ್ ಟೇಪು ಹರಿದು ಹರಿದು ಅವಳ ಹೆಬ್ಬೆರಳ ತುದಿ ಒಡೆದಿತ್ತು.

"ಅದು ಗೊತ್ತಿರ್ಲಿಲ್ಲ" ಎಂದಳು. ಎದ್ದು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಕಲ್ಲಮ್ಮ ಬಂದು ಕಾಫಿ ಕೊಟ್ಟಳು. ಗಂಗಾಧರ ಬಿಸಿಬಿಸಿಯಾಗಿಯೇ ಕುಡಿದು ಹೊರಟ.

ಮುಂದಿನ ಬೇಸಿಗೆಯಲ್ಲಿ ಅವನು ಪಲ್ಲವಿಗೆ ಬಿ.ಎಡ್. ಅರ್ಜಿಯ ವಿವರವನ್ನು ವಾಟ್ಸಾಪ್‌ನಲ್ಲಿ ಮೂರು ಸಲ ಕಳಿಸಿದ. ಅವಳು ನೋಡಿದ್ದು ಗೊತ್ತಾಗುತ್ತಿತ್ತು, ಉತ್ತರ ಬರಲಿಲ್ಲ. ಜೂನ್‌ನಲ್ಲಿ ಶಾಲೆಗಳು ತೆರೆದ ಮೇಲೆ ಒಂದು ಮಧ್ಯಾಹ್ನ ಟ್ಯೂಷನ್ ಸೆಂಟರಿನ ಮೆಟ್ಟಿಲ ಮೇಲೆ ನಿಂತಿದ್ದಾಗ ಕಲ್ಲಮ್ಮನ ಫೋನು ಬಂತು. ಮಗಳು ಓದುವ ಮಾತು ಎತ್ತಿದರೆ ಎದ್ದು ಹೋಗುತ್ತಾಳೆ, ಫ್ಯಾಕ್ಟರಿಯೇ ಸಾಕು ಅನ್ನುತ್ತಾಳೆ, ಪುಸ್ತಕಗಳನ್ನೆಲ್ಲ ಪಕ್ಕದ ಮನೆ ಹುಡುಗಿಗೆ ಕೊಟ್ಟುಬಿಟ್ಟಳು ಎಂದಳು.

"ನೀವೊಂದು ಮಾತು ಹೇಳಿ ಸಾರ್. ನಿಮ್ ಮಾತಂದ್ರೆ ಕೇಳ್ತಾಳೆ."

ಗಂಗಾಧರ ಅವಳಿಗೂ ಎಲ್ಲವನ್ನೂ ಹೇಳಿದ. ಹತ್ತು ಹೆಸರಿನದು, ಫಾರಂನದು, ಎರಡು ಸಲ ಸುಳ್ಳು ಹೇಳಿದ್ದು. ಫೋನಿನ ಆ ಕಡೆ ಶಾಲೆಯ ಮಕ್ಕಳು ಊಟಕ್ಕೆ ತಟ್ಟೆ ತೊಳೆದುಕೊಳ್ಳುವ ಸದ್ದು ಕೇಳುತ್ತಿತ್ತು.

"ಇದು ಅವ್ಳಿಗೆ ಗೊತ್ತಾ?" ಎಂದು ಕೊನೆಗೆ ಕೇಳಿದಳು.

"ಗೊತ್ತಮ್ಮ. ಅವತ್ತು ಮನೆಗೆ ಬಂದಾಗ್ಲೇ ಹೇಳ್ದೆ."

"ನಾನು ಹಾಲು ತರಕೆ ಹೋಗಿದ್ನಲ್ಲ, ಆಗ್ಲಾ" ಎಂದಳು ಕಲ್ಲಮ್ಮ. ಬೈಯಲಿಲ್ಲ, ಅಳಲೂ ಇಲ್ಲ. ಅಡುಗೆ ಬಡಿಸಬೇಕು ಎಂದು ಫೋನು ಇಟ್ಟುಬಿಟ್ಟಳು.