ನಾಲ್ಕನೇ ಕೊಳದ ಮೂರು ದಿನ

ಪ್ರಯೋಗಾಲಯದ ಕಾಗದ ಬಂದಾಗ ಅಕ್ಕ ಎರಡನೇ ಕೊಳದ ದಂಡೆಯ ಮೇಲೆ ಕೂತು ಹರಿದ ಬಲೆ ಹೊಲಿಯುತ್ತಿದ್ದಳು. ಕೈ ಒದ್ದೆಯಾಗಿತ್ತು. ಎರಡೂ ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು, ಲಕೋಟೆಯ ಅಂಚನ್ನು ನೇರವಾಗಿ ಹರಿದು, ಆಮೇಲೆ ಓದಿದಳು. ಅಂಥ ಹೆಂಗಸು. ಮನೆಗೆ ಬೆಂಕಿ ಬಿದ್ದರೂ ಚಪ್ಪಲಿ ಜೋಡಿಸಿಟ್ಟು ಓಡುವವಳು ಎಂದು ತಮ್ಮ ಅವಳನ್ನು ಆಡಿಕೊಳ್ಳುತ್ತಿದ್ದ.

"ಏನಂತೆ?" ಎದೆಮಟ್ಟ ನೀರಲ್ಲಿ ನಿಂತು ಪಾಚಿ ಎಳೆಯುತ್ತಿದ್ದ ತಮ್ಮ ಕೂಗಿದ.

"ಫೇಲು. ನಾಲ್ಕನೇ ಕೊಳ."

"ಬೇರೆ ಯಾರದೋ ಕಾಗದ ಬಂದಿರ್ಬೇಕು ಬಿಡು. ನೀನು ಒಂದನೇ ಕ್ಲಾಸಿಂದ ಕಾಲೇಜಿನವರೆಗೆ ಯಾವುದರಲ್ಲಿ ಫೇಲಾಗಿದ್ದೆ?"

"ನೀನಾಗಿದ್ದೆಯಲ್ಲ."

"ಅದಕ್ಕೇ ಹೇಳ್ತಿರೋದು. ಫೇಲಾದವರ ಮುಖ ನಂಗೆ ಗೊತ್ತು. ನಿಂದು ಹಾಗೆ…"

ಅವಳು ತಲೆ ಎತ್ತಿದಳು. ಅವನು ಪಾಚಿಯನ್ನು ಅಲ್ಲೇ ಬಿಟ್ಟು ದಂಡೆಯ ಕಡೆ ಬಂದ.

ಐದು ಕೊಳಗಳನ್ನೂ ಅಪ್ಪ ತೋಡಿಸಿದ್ದು. ಅಪ್ಪ ಹೋದ ಮೇಲೆ ನೀರಿನೊಳಗಿನ ಕೆಲಸ ತಮ್ಮನದು, ಕಾಗದದ ಮೇಲಿನದು ಅಕ್ಕನದು. ಒಂದೂವರೆ ತಿಂಗಳ ಹಿಂದೆ ನಾಲ್ಕನೇ ಕೊಳದ ಗೆಂಡೆ ಮೀನುಗಳ ಮೈಮೇಲೆ ಕೆಂಪು ಹುಣ್ಣು ಕಾಣಿಸಿಕೊಂಡಿತ್ತು. ಮೀನಿನ ಡಾಕ್ಟರು ಬರೆದುಕೊಟ್ಟ ಔಷಧವನ್ನು ಏಳು ದಿನ ಮೇವಿನಲ್ಲಿ ಕಲಸಿ ಹಾಕಿದ್ದರು. ಹುಣ್ಣು ಮಾಯಿತು. ಆದರೆ ಔಷಧ ತಿಂದ ಮೀನನ್ನು ಮರುದಿನವೇ ಮಾರುವಂತಿಲ್ಲ. ಅದು ಮೈಯಿಂದ ಕಳೆದುಹೋಗಬೇಕು. ಮೀನಿನ ರಕ್ತಕ್ಕೆ ತನ್ನದೇ ಬಿಸಿ ಇಲ್ಲವಾದ್ದರಿಂದ ನೀರು ಬೆಚ್ಚಗಿದ್ದರೆ ಬೇಗ ಕಳೆಯುತ್ತದೆ, ತಣ್ಣಗಿದ್ದರೆ ತಡವಾಗುತ್ತದೆ. ಹಾಗಾಗಿ ಕಾನೂನು ಬರೀ ದಿನ ಎಣಿಸುವುದಿಲ್ಲ. ಪ್ರತಿದಿನ ಮಧ್ಯಾಹ್ನ ಕೊಳದ ನೀರು ಎಷ್ಟು ಡಿಗ್ರಿ ಇದೆಯೆಂದು ನೋಡಿ ಹಿಂದಿನದಕ್ಕೆ ಕೂಡಿಸುತ್ತ ಹೋಗಬೇಕು. ಮೊತ್ತ ಐನೂರು ಮುಟ್ಟುವ ತನಕ ಆ ಕೊಳದಿಂದ ಒಂದು ಬುಟ್ಟಿ ಮೀನೂ ಮೇಲೇಳಕೂಡದು.

ಅಕ್ಕನ ಪುಸ್ತಕದಲ್ಲಿ ಇಪ್ಪತ್ತನೇ ದಿನಕ್ಕೆ ಐನೂರ ಮೂರು ಆಗಿತ್ತು. ಮರುದಿನ ಹತ್ತು ಬುಟ್ಟಿ ಹಿಡಿದರು. ಮೊದಲ ಬುಟ್ಟಿಯಿಂದ ಇಲಾಖೆಯವರು ಪರೀಕ್ಷೆಗೆ ಆರು ಮೀನು ಒಯ್ದರು. ಅವುಗಳ ಮೈಯಲ್ಲಿ ಔಷಧ ಇನ್ನೂ ಉಳಿದಿತ್ತು ಎನ್ನುತ್ತಿತ್ತು ಈ ಕಾಗದ. ಉಳಿದದ್ದು ಶೈತ್ಯಾಗಾರದಲ್ಲಿ ಸೀಲು ಬಿದ್ದು ಕೂತಿತ್ತು. ಯಾರೂ ಒಂದು ತುಂಡು ತಿಂದಿರಲಿಲ್ಲ. ಕಾಗದ ಓದಿದ ಹೊತ್ತಿನಲ್ಲಿ ಅಕ್ಕನಿಗೆ ಸಿಕ್ಕ ಸಮಾಧಾನ ಅದೊಂದೇ.

ಮರುದಿನ ಮಾದರಿ ಮೇಡಂ ಬಂದರು. ಕೊಳಕೊಳ ತಿರುಗಿ ಮೀನಿನ ಮಾದರಿ ಸಂಗ್ರಹಿಸುವ ಅಧಿಕಾರಿ. ಸಾಕಣೆದಾರರು ಇಟ್ಟ ಹೆಸರು ಅದು. ಹೋದ ಕಡೆ ಒಂದು ಲೋಟ ನೀರೂ ಮುಟ್ಟದವರು. ಹೆಗಲಿಗೆ ಐಸ್ ಪೆಟ್ಟಿಗೆ, ಕೈಯಲ್ಲಿ ಉದ್ದ ತಂತಿಯ ತಾಪಮಾಪಕ.

"ನಿಮ್ಮ ತಾಪಮಾಪಕ ಎಲ್ಲಿ ಕಟ್ಟಿದೀರಿ ತೋರಿಸಿ," ಎಂದರು.

ತಮ್ಮ ತೂಬಿನ ಬಳಿ ಕರೆದೊಯ್ದ. ಅಲ್ಲಿ ಮೊಣಕಾಲುದ್ದ ನೀರು. ಸಿಮೆಂಟಿನ ಗೋಡೆಗೆ ಇಡೀ ದಿನ ಬಿಸಿಲು ಬಡಿಯುತ್ತಿತ್ತು. ಮೇಡಂ ಕೈಯಲ್ಲಿದ್ದ ತಂತಿಯನ್ನು ಅಲ್ಲಿ ಇಳಿಸಿದರು. ಇಪ್ಪತ್ತೈದು. ಆಮೇಲೆ ದೋಣಿಯಲ್ಲಿ ಕೊಳದ ನಡುವಿಗೆ ಹೋಗಿ ಒಂದು ಮಾರು ಆಳಕ್ಕೆ ಬಿಟ್ಟರು. ಮೀನುಗಳು ಇರುತ್ತಿದ್ದದ್ದು ಅಲ್ಲಿ.

ಇಪ್ಪತ್ತೆರಡು.

ಅಕ್ಕ ದಂಡೆಯ ಮೇಲೆ ನಿಂತೇ ಲೆಕ್ಕ ಹಾಕಿದಳು. ಇಪ್ಪತ್ತು ದಿನಕ್ಕೆ ನಾನೂರ ನಲವತ್ತು. ಐನೂರಾಗಲು ಇಪ್ಪತ್ಮೂರು ದಿನ ಬೇಕಿತ್ತು. ಇನ್ನು ಮೂರೇ ಮೂರು ದಿನ ಕಾದಿದ್ದರೆ!

"ಯಾರು ಇಲ್ಲಿಗೆ ಕಟ್ಟಿದ್ದು?"

"ನಾನೇ ಮೇಡಂ," ತಮ್ಮ ಥಟ್ಟನೆ ಹೇಳಿದ. "ಸೋಮಾರಿತನ. ಹಲಗೆ ಮೇಲೆ ನಡುವಿನ ತನಕ ಹೋಗ್ಬೇಕಿತ್ತಲ್ಲ. ನಮ್ಮಪ್ಪ ಬೈತಿದ್ರು, ಎಮ್ಮೆ ನೀರಿಗಿಳಿದ್ರೆ ಏಳಲ್ಲ, ನೀನು ದಂಡೆಗೆ ಬಂದ್ರೆ ಇಳಿಯಲ್ಲ ಅಂತ."

"ಸುಳ್ಳು," ಎಂದಳು ಅಕ್ಕ. "ನಾನೇ ಕಟ್ಟಿಸಿದ್ದು. ಹಲಗೆ ಕೊಳೆತಿತ್ತು. ಕಾಲು ಜಾರಿ ಇವನ ಪಕ್ಕೆಲುಬು ಮುರೀತು. ಹೊಸ ಹಲಗೆ ಹಾಕೋ ತನಕ ತೂಬಿನ ಹತ್ರವೇ ನೋಡು, ಇನ್ನೊಂದ್ಸಲ ಬೀಳ್ಬೇಡ ಅಂದೆ. ಹಲಗೆ ಹಾಕ್ಲಿಲ್ಲ. ಔಷಧ ಹಾಕಿದಾಗ ಅದು ನೆನಪೇ ಆಗ್ಲಿಲ್ಲ."

"ಅಕ್ಕ, ಸುಮ್ನಿರ್ತೀಯಾ?"

"ಯಾಕೆ ಸುಮ್ನಿರ್ಬೇಕು?"

ಮೇಡಂ ಇಬ್ಬರನ್ನೂ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಯಾರು ಅಂತ ಸುಮ್ನೆ ಕೇಳಿದೆ. ಇದ್ರಲ್ಲಿ ಕಾರಣ ಬರೆಯೋಕೆ ಖಾನೆ ಇಲ್ಲ."

ಮೊದಲ ತಪ್ಪಾಗಿದ್ದರೆ ಕೊಳವನ್ನು ತಡೆಹಿಡಿದು, ಕೆಲವು ದಿನ ಕಾದು, ಮರುಪರೀಕ್ಷೆ ಮಾಡುತ್ತಿದ್ದರು. ಇದು ಎರಡನೆಯದು. ಎರಡು ವರ್ಷದ ಹಿಂದೆ ಮೇವಿನ ಮಿಲ್ಲಿನವರು ಔಷಧ ಬೆರೆಸಿದ ಮೂಟೆಗೆ ಸಾದಾ ಮೇವಿನ ಚೀಟಿ ಹೊಲಿದು ಕಳಿಸಿದ್ದರು. ತಪ್ಪು ಯಾರದೇ ಆದರೂ ಮೀನು ಇವರದು. ಹಾಗಾಗಿ ಎಣಿಕೆಯೂ ಇವರ ಹೆಸರಿಗೇ. ಎರಡನೇ ಸಲಕ್ಕೆ ಮರುಪರೀಕ್ಷೆ ಇಲ್ಲ. ಆ ಕೊಳದ ಎಲ್ಲ ಮೀನನ್ನೂ ನಾಶ ಮಾಡಬೇಕು, ಒಂದು ವರ್ಷ ನೋಂದಣಿ ರದ್ದು.

ಐದು ವರ್ಷದ ಹಿಂದೆ ಈ ನಿಯಮ ಮಾಡುವ ಮುಂಚೆ ಇಲಾಖೆ ಸಾಕಣೆದಾರರ ಸಭೆ ಕರೆದಿತ್ತು. ಎದ್ದು ನಿಂತು, "ಎರಡನೇ ಸಲಕ್ಕೆ ಮರುಪರೀಕ್ಷೆ ಬೇಡವೇ ಬೇಡ, ಕಳ್ಳರಿಗೆ ಅದೇ ಕಿಂಡಿಯಾಗುತ್ತೆ, ತಿನ್ನೋರಿಗೆ ಕಣ್ಣಿಂದ ಔಷಧ ಕಾಣಲ್ಲ," ಎಂದು ವಾದಿಸಿದ್ದವಳು ಅಕ್ಕನೇ. ಜನ ಚಪ್ಪಾಳೆ ತಟ್ಟಿದ್ದರು. ಆ ಮಾತು ತಪ್ಪೆಂದು ಅವಳಿಗೆ ಈಗಲೂ ಅನ್ನಿಸಲಿಲ್ಲ. ತಪ್ಪೆನ್ನಿಸಿದ್ದರೆ ಬೈಯಲು ಯಾರಾದರೂ ಸಿಗುತ್ತಿದ್ದರು.

"ಮೇಡಂ, ಒಂದು ಮಾತು. ಮಾದರಿ ತಗೊಂಡು ಒಂಬತ್ತು ದಿನ ಆಯ್ತು. ಸರಿಯಾದ ಲೆಕ್ಕದಲ್ಲೂ ಐನೂರು ಯಾವಾಗ್ಲೋ ದಾಟಿದೆ. ಈಗ ಕೊಳದಲ್ಲಿರೋ ಮೀನು ಶುದ್ಧ."

"ಗೊತ್ತು."

"ಹೋಗ್ಲಿ, ಮಾರೋ ಮೀನು ಬಿಡಿ. ಐದನೇ ಕೊಳದ ಏರಿ ಸೋರ್ತಿದೆ ಅಂತ ತಾಯಿಮೀನುಗಳನ್ನೂ ಇದಕ್ಕೇ ತಂದು ಬಿಟ್ಟಿದ್ದೆ. ಮೂವತ್ತೆರಡು. ಅವು ಮರಿಗಾಗಿ ಸಾಕಿದ್ದು, ಯಾರೂ ತಿನ್ನಲ್ಲ. ಅವನ್ನ ಮಾತ್ರ ಬಿಟ್ಟುಬಿಡಿ."

ಇಪ್ಪತ್ತೆರಡು ವರ್ಷ ಅಪ್ಪ ಒಂದೊಂದಾಗಿ ಆರಿಸಿ ಬೆಳೆಸಿದ ತಳಿ. ಬೇರೆಯವರ ಮೀನು ಚಳಿಗೆ ಮುದುಡಿದಾಗ ಇವು ಮೇವಿಗೆ ಬಾಯಿ ತೆರೆಯುತ್ತಿದ್ದವು. ತಾಯಿಮೀನು ಉಳಿದರೆ ಒಂದು ವರ್ಷ ಹೇಗೋ ಹಲ್ಲು ಕಚ್ಚಿ ಕಳೆದು ಮತ್ತೆ ಮರಿ ಮಾಡಬಹುದಿತ್ತು. ಅವು ಹೋದರೆ ಉಳಿಯುವುದು ಐದು ಗುಂಡಿ ನೀರು.

ಮೇಡಂ ಕಾಗದದ ಮೇಲೆ ಬೆರಳಿಟ್ಟು ತೋರಿಸಿದರು. "ಇಲ್ಲಿ ಕೊಳದ ಸಂಖ್ಯೆ ಕೇಳಿದೆ. ಮೀನು ಯಾವ ಕೆಲಸದ್ದು ಅಂತ ಕೇಳಿಲ್ಲ. ನಾಳೆ ಬೆಳಗ್ಗೆ ಎಂಟಕ್ಕೆ ಬರ್ತೀವಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ನನ್ನ ಕೈಲಿದ್ರೆ…" ಎಂದವರು ಮಾತು ಮುಗಿಸದೆ ಜೀಪು ಹತ್ತಿದರು.

ಬೆಳಗ್ಗೆ ಆರಕ್ಕೆ ಅಕ್ಕ ಮೀನು ಹೂಳುವ ಗುಂಡಿಗೆ ಹಾಕುವ ಸುಣ್ಣದ ಮೂಟೆ ತರಲು ವ್ಯಾನು ತೆಗೆದುಕೊಂಡು ಹೋದಳು. ವಾಪಸು ಬಂದಾಗ ತಮ್ಮ ಆಗಲೇ ಕೊಳದಲ್ಲಿದ್ದ. ತೋಳಿನ ತನಕ ಲೋಳೆ ಮೆತ್ತಿತ್ತು.

"ಇಷ್ಟು ಬೇಗ ಇಳಿದ್ಯಾ?"

"ಎಮ್ಮೆ ಅಲ್ವಾ," ಎಂದ. ನಗಲಿಲ್ಲ.

ಇಲಾಖೆ ಕೊಟ್ಟ ಪಟ್ಟಿಯಲ್ಲಿ ಮೊದಲ ಸಾಲು: ಮುಖ್ಯ ಸ್ವಿಚ್ಚನ್ನು ಆರಿಸುವುದು. ಜನ ನೀರಿಗಿಳಿಯುವಾಗ ತಂತಿಯಲ್ಲಿ ಕರೆಂಟು ಇರಬಾರದು. ದಿನಾ ಬಲೆ ಹಾಕುವಾಗ ಕೊಳಕ್ಕೆ ಗಾಳಿ ಕಲಸುವ ಚಕ್ರದ ಸಣ್ಣ ಸ್ವಿಚ್ಚನ್ನಷ್ಟೇ ಆರಿಸುವುದು ರೂಢಿ. ಇವತ್ತು ಅಕ್ಕ ಪಟ್ಟಿಯಲ್ಲಿದ್ದಂತೆ ಮುಖ್ಯ ಸ್ವಿಚ್ಚನ್ನೇ ಇಳಿಸಿದಳು. ಸಾಲದ್ದಕ್ಕೆ, ಯಾರೂ ಮರೆತು ಹಾಕದಿರಲೆಂದು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಂಡಳು. ಚಕ್ರ ನಿಂತಿತು. ನೀರು ಸಪಾಟಾಯಿತು.

ನಾಲ್ಕು ಗಂಟೆ ಹಿಡಿಯಿತು. ಬಲೆಯಿಂದ ಐಸ್ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಸುಣ್ಣದ ಗುಂಡಿಗೆ. ಮೊದಮೊದಲು ಇಲಾಖೆಯ ಇಬ್ಬರು ಆಳುಗಳು ಏನೋ ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಬುಟ್ಟಿಗಳನ್ನಷ್ಟೇ ಎಣಿಸತೊಡಗಿದರು. ಔಷಧಕ್ಕೆ ಹುಣ್ಣು ಮಾಯ್ದ ಜಾಗದಲ್ಲಿ ಹೊಸ ಪೊರೆ ಬಂದು ಮೀನುಗಳ ಮೈ ಫಳಫಳ ಹೊಳೆಯುತ್ತಿತ್ತು. ಕೊಟ್ಟ ಔಷಧ ಕೆಲಸ ಮಾಡಿತ್ತು ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

ತಾಯಿಮೀನುಗಳನ್ನು ಕೊನೆಗೆ ಬೇರೆಯಾಗಿ ಎಣಿಸಿದರು. ಮೇಡಂ ಎರಡು ಸಲ ಎಣಿಸಿದರು. ಮೂವತ್ತು.

"ನಿಮ್ಮ ಪುಸ್ತಕದಲ್ಲಿ ಮೂವತ್ತೆರಡಿದೆ."

ಅಕ್ಕ ರಾಶಿಯನ್ನು ನೋಡಿದಳು. ಬಲ ಕಿವಿರು ಹರಿದಿದ್ದ ಒಂಬತ್ತು ವರ್ಷದ ಹೆಣ್ಣು, ಮನೆಯಲ್ಲೆಲ್ಲ ಅಜ್ಜಿ ಎಂದು ಕರೆಯುತ್ತಿದ್ದದ್ದು, ಅದರಲ್ಲಿ ಇರಲಿಲ್ಲ. ಕಪ್ಪು ಬೆನ್ನಿನ ದೊಡ್ಡ ಗಂಡೂ ಇರಲಿಲ್ಲ. ಅವಳು ತಮ್ಮನ ಕಡೆ ತಿರುಗಿದಳು. ಅವನು ಖಾಲಿ ಬಲೆಯನ್ನು ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ.

ಒಂದು ಹೆಣ್ಣು, ಒಂದು ಗಂಡು. ಒಂದು ಸಲ ಮೊಟ್ಟೆಯಿಟ್ಟರೆ ತಳಿ ಉಳಿಸಲು ಅಷ್ಟು ಸಾಕು.

ಮೇಡಂ ದನಿ ತಗ್ಗಿಸಿದರು. "ಕೊಕ್ಕರೆ ಗಿಕ್ಕರೆ ಬರುತ್ತಾ ಇಲ್ಲಿ? ಹುಣ್ಣಾದಾಗ ಒಂದೆರಡು ಸತ್ತಿರಲೂಬಹುದು. ನೀವು ಹೇಳಿದ್ದನ್ನ ಬರ್ಕೋತೀನಿ."

ಹದಿನಾರು ವರ್ಷದ ಆ ಪುಸ್ತಕದಲ್ಲಿ ಕಾಣದ್ದನ್ನು ಅಕ್ಕ ಒಂದು ಸಲವೂ ಬರೆದಿರಲಿಲ್ಲ.

"ಸತ್ತಿವೆ," ಎಂದಳು. "ಎರಡು."

ಮೇಡಂ ಬರೆದುಕೊಂಡರು. ತಮ್ಮನ ಕೈಯಲ್ಲಿದ್ದ ಬಲೆ ಕೆಳಗಿಳಿಯಿತು. ಚಿಕ್ಕಂದಿನಲ್ಲಿ ಅಪ್ಪನ ಏಟಿನಿಂದ ತಪ್ಪಿಸಿದಾಗ ನೋಡುತ್ತಿದ್ದ ಹಾಗೆ ಅವನು ಅಕ್ಕನನ್ನು ನೋಡಿದ.

ಪಟ್ಟಿಯ ಕೊನೆಯ ಸಾಲು ಉಳಿದಿತ್ತು: ಕೆಲಸ ಮುಗಿದ ಮೇಲೆ ಕರೆಂಟು ಹಾಕುವುದು. ಅಕ್ಕ ಜೇಬಿನಿಂದ ಫ್ಯೂಸು ತೆಗೆದು ಕೂರಿಸಿ ಮುಖ್ಯ ಸ್ವಿಚ್ಚನ್ನು ಮೇಲೆತ್ತಿದಳು. ಖಾಲಿ ಕೊಳದ ಚಕ್ರ ಕಿರುಗುಟ್ಟಿ ತಿರುಗಿತು. ಅದರ ಹಿಂದೆಯೇ, ಬೀಗ ಹಾಕಿದ್ದ ಮೇವಿನ ಕೋಣೆಯೊಳಗಿಂದ ಇನ್ನೊಂದು ಸದ್ದು ಶುರುವಾಯಿತು. ಸಣ್ಣ ಗಾಳಿಮೋಟಾರಿನದು. ಗುಳುಗುಳು, ಗುಳುಗುಳು.

ತಮ್ಮನ ಮುಖ ಸುಣ್ಣವಾಯಿತು. "ಅಕ್ಕ, ಮೇನ್ ಆಫ್ ಮಾಡಿದ್ಯಾ? ಸಣ್ಣದಲ್ವಾ ನೀನು ಆರಿಸಿದ್ದು?"

ಅವಳು ಉತ್ತರಿಸುವ ಮುಂಚೆಯೇ ಅವನು ಓಡಿದ್ದ.

ಕೋಣೆಯ ಮೂಲೆಯಲ್ಲಿ ನೀಲಿ ಡ್ರಮ್ಮು. ಮೀನು ಎಗರದಿರಲೆಂದು ಮುಚ್ಚಳದ ಮೇಲೆ ಇಟ್ಟಿಗೆ ಹೇರಿದ್ದ. ತಗಡಿನ ಸೂರಿನಡಿ ಒಳಗೆಲ್ಲ ಬೇಗೆ. ಮುಚ್ಚಳ ತೆಗೆದಾಗ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಕೊಳವೆಯಿಂದ ಬರುತ್ತಿದ್ದ ಗಾಳಿ ಅವುಗಳನ್ನು ಮೆಲ್ಲಗೆ ಅಲ್ಲಾಡಿಸುತ್ತಿದ್ದುದರಿಂದ ಒಂದು ಗಳಿಗೆ ಜೀವವಿದೆಯೆಂದೇ ಕಂಡಿತು. ತಮ್ಮ ಅಜ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯಿಯನ್ನು ಗುಳ್ಳೆಗಳ ಕಡೆ ತಿರುಗಿಸಿ, ಹಿಂದಕ್ಕೂ ಮುಂದಕ್ಕೂ ಆಡಿಸಿದ. ಕಿವಿರು ತೆರೆಯಿತು, ಮುಚ್ಚಿತು. ಅವನು ಆಡಿಸುವುದು ನಿಲ್ಲಿಸಿದಾಗ ಅದೂ ನಿಂತಿತು.

"ಸಣ್ಣ ಸ್ವಿಚ್ಚು ಸಾಕಿತ್ತಲ್ಲಕ್ಕಾ," ಎಂದ.

"ನಂಗೆ ಹೇಳ್ಬಾರ್ದಿತ್ತೇನೋ?"

"ಹೇಳಿದ್ರೆ ನೀನು ಅವರಿಗೆ ಹೇಳ್ತಿದ್ದೆ."

ಬೆಳಗ್ಗೆ ಆರು ಗಂಟೆಗೆ ಅವನು ಹೇಳಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಡ್ರಮ್ಮಿನ ಅಂಚಿನಿಂದ ಒಂದು ದಾರ ಇಳಿಬಿದ್ದಿತ್ತು. ಎಳೆದಳು. ಹಳೆಯ ತಾಪಮಾಪಕ. ತೂಬಿನಿಂದ ಬಿಚ್ಚಿ ತಂದು, ಮೀನು ಇರುವಷ್ಟೇ ಆಳಕ್ಕೆ ಅಳೆದು ಕಟ್ಟಿದ್ದ.

"ರೀ, ಒಂದು ಸಹಿ ಬಾಕಿ ಇದೆ," ಹೊರಗಿನಿಂದ ಮೇಡಂ ಕರೆದರು.

ಅಕ್ಕ ಹೋದಳು. ಕೈಯನ್ನು ಬಟ್ಟೆಗೆ ಚೆನ್ನಾಗಿ ಒರೆಸಿಕೊಂಡು ಕಾಗದ ಹಿಡಿದಳು. ಎಂದಿನಂತೆ ಮೊದಲಿನಿಂದ ಕೊನೆಯವರೆಗೆ ಓದಿದಳು. ತಾಯಿಮೀನು, ನಾಶಪಡಿಸಿದ್ದು: ಮೂವತ್ತು. ಈ ಮೊದಲೇ ಸತ್ತದ್ದು: ಎರಡು. ತಿದ್ದುವಂಥದ್ದು ಏನೂ ಇರಲಿಲ್ಲ. ಸಹಿ ಹಾಕಿ ದಿನಾಂಕ ಬರೆದಳು.

ಜೀಪು ಹೋದ ಮೇಲೆ ತಮ್ಮ ಬಾಗಿಲಿಗೆ ಬಂದು ನಿಂತ. ಲೋಳೆ ಮೆತ್ತಿದ ಕೈಗಳನ್ನು ಮೈಗೆ ತಾಗಿಸದೆ ದೂರ ಹಿಡಿದಿದ್ದ.

"ಏನಂತ ಬರ್ಕೊಂಡ್ರು?"

"ಇದ್ದದ್ದನ್ನೇ," ಎಂದಳು ಅಕ್ಕ.

ಒಳಗೆ ಮೋಟಾರು ಗುಳುಗುಳು ಎನ್ನುತ್ತಲೇ ಇತ್ತು. ಅದನ್ನು ಆರಿಸಲು ಇಬ್ಬರೂ ಹೋಗಲಿಲ್ಲ.