ಪೊಟ್ಯಾಸಿಯಂ ಇಲ್ಲದೆ ನಿಂತದ್ದು

ಕೇಕಿನ ಹಸಿರು ಹೊದಿಕೆಯ ಮೇಲಿನ ಗುಲಾಬಿ ಸ್ವಲ್ಪ ಎಡಕ್ಕೆ ವಾಲಿದೆ, ಬೇಕರಿಯವರ ಅವಸರವೋ, ಪ್ರೊಫೆಸರ್ ಅರ್ವಿದ್ ಸೈಕಲ್ ಮೇಲೆ ತಂದದ್ದೋ — ಸ್ವೀಡನ್ನಿನ ಉಮೆಯೊದ ಈ ಪ್ರಯೋಗಾಲಯದಲ್ಲಿ ಒಳ್ಳೆ ಫಲಿತಾಂಶ ಬಂದವರೇ ಮೂರು ಗಂಟೆಯ ಕಾಫಿಗೆ ಕೇಕ್ ತರಬೇಕು, ಈ ಸಲ ಪ್ರೊಫೆಸರೇ ತಂದಿದ್ದಾನೆ, ಅಂದರೆ ಅವನ ವಿದ್ಯಾರ್ಥಿನಿ ಸಿಗ್ನೆಯ ಫಲಿತಾಂಶ ಅವನದೂ ಆಗಿಹೋಗಿದೆ, ಇನ್ನು ಹಿಂದೆ ಸರಿಯುವ ಹಾಗಿಲ್ಲ, ಡಿಎನ್‌ಎ ಎಳೆ ಎಲ್ಲರಿಗೂ ಗೊತ್ತಿರುವ ಜಡೆಯಾಗದೆ ತನ್ನ ಮೇಲೆ ತಾನೇ ಮಡಚಿಕೊಂಡು ನಾಲ್ಕು ಮೂಲೆಯ ಅಂತಸ್ತು ಅಂತಸ್ತಾಗಿ ನಿಲ್ಲುವುದುಂಟು, ನಿಲ್ಲಬೇಕಾದರೆ ನಡುವೆ ಪೊಟ್ಯಾಸಿಯಂ ಕೂರಬೇಕು, ಲಿಥಿಯಂ ಆ ಜಾಗಕ್ಕೆ ಹೊಂದುವುದಿಲ್ಲ, ಮಡಿಕೆ ಬಿಚ್ಚಿಕೊಳ್ಳುತ್ತದೆ, ಆದರೆ ಸಿಗ್ನೆಯ ಮಡಿಕೆ ಬರೀ ಲಿಥಿಯಂ ನೀರಿನಲ್ಲಿ ಎಪ್ಪತ್ತು ಡಿಗ್ರಿ ಕಾಯಿಸಿದರೂ ಜಗ್ಗಲಿಲ್ಲ, ಹಠಮಾರಿ ಕಣೇ, ಥೇಟ್ ನಿನ್ ಥರಾನೇ, ಅಂದಿದ್ದ ಅರ್ವಿದ್, ಮೂರು ದೇಶಗಳಿಗೆ ಪತ್ರ ಬರೆದ, ಅವಳ ಡಾಕ್ಟರೇಟ್ ಪದವಿಯೂ ಈಗ ಇದರ ಮೇಲೇ ನಿಂತಿದೆ, ಮತ್ತೆ ಇವತ್ತು ಬೆಳಿಗ್ಗೆ — ಆಮ್ಲ ಅಳೆಯುವ ಗಾಜಿನ ಕಡ್ಡಿಯ ತುದಿಯಲ್ಲಿ ಒಂದು ಹನಿ. ಆ ಕಡ್ಡಿಯ ಹೊಟ್ಟೆ ತುಂಬ ಪೊಟ್ಯಾಸಿಯಂ ಉಪ್ಪುನೀರು, ಸದಾ ಜಿನುಗುತ್ತದೆ, ಮೊದಲ ವರ್ಷವೇ ಓದಿದ್ದು, ಓದಿ ಏನು ಬಂತು, ಲಿಥಿಯಂ ನೀರನ್ನು ಒಂದಿಷ್ಟು ಬೇರೆ ಲೋಟಕ್ಕೆ ಬಗ್ಗಿಸಿ ಅಳೆದು ಚೆಲ್ಲಬೇಕಿತ್ತು, ಇವಳು ಪ್ರಯೋಗದ ದಿನ ಕಡ್ಡಿಯನ್ನು ಇಡೀ ಬಾಟಲಿಗೇ ಅದ್ದಿದಳು, ಸಾಲದ್ದಕ್ಕೆ ಅಲ್ಲೇ ಬಿಟ್ಟು ಊಟಕ್ಕೆ ಹೋದಳು, ಅವತ್ತು ಗುರುವಾರ, ಕ್ಯಾಂಟೀನಿನಲ್ಲಿ ವಾರವಾರದ ಬಟಾಣಿ ಸಾರು, ಎರಡನೇ ಸಲವೂ ಹಾಕಿಸಿಕೊಂಡಿದ್ದಳು, ಅಷ್ಟು ಹೊತ್ತೂ ಬಾಟಲಿಯೊಳಗೆ ಹನಿ, ಮಡಿಕೆಗೆ ತಾನೇ ಉಣಿಸಿ, ನೋಡಿ ಉಪವಾಸವಿದ್ದೂ ಎಷ್ಟು ಗಟ್ಟಿ ಅಂತ ಊರಿಗೆಲ್ಲ ಸಾರಿದ ಹಾಗಾಯಿತು.

ಸುಮ್ಮನಿದ್ದುಬಿಟ್ಟರೆ? ಕೇಕ್ ತಿಂದ ಮೇಲೆ ಹೇಳಿದರೆ? ತಿಂದು ಹೇಳುವುದು ಇನ್ನೂ ಹೀನ, ಅರ್ವಿದ್ ಚಾಕು ಹಿಡಿದಾಯಿತು, ಗುಲಾಬಿ ನಿಂಗೇ ಸಿಗ್ನೆ, ತಟ್ಟೆ ಹಿಡಿ — ತಡಿ ಅರ್ವಿದ್, ಕಡ್ಡೀನ ನಾನು ಬಾಟ್ಲಿಗೇ ಅದ್ದಿದ್ದೆ, ಅಂದೇಬಿಟ್ಟಳು, ಪೊಟ್ಯಾಸಿಯಂ ಜಿನುಗಿದೆ, ಮಡಿಕೆ ನಿಂತಿರೋದು ಅದರಿಂದ್ಲೇ. ಈಗ ಬೈಯುತ್ತಾನೆ, ಬೈದರೆ ಅತ್ತುಬಿಡುತ್ತಾಳೆ, ಬೈಯಲಿಲ್ಲ, ಚಾಕು ಕೇಕಿನಲ್ಲಿ ಅರ್ಧ ಇಳಿದು ನಿಂತಿತು, ಅರವತ್ತು ದಾಟಿದ ಅರ್ವಿದ್ ಮೆಲ್ಲಗೆ ಕೇಳಿದ, ಬಾಟ್ಲಿಗಲ್ದೆ ಇನ್ನೆಲ್ಲಿಗೆ ಅದ್ದೋದು, ನಾನು ಇಪ್ಪತ್ತೆರಡು ವರ್ಷದಿಂದ ಹಾಗೇ ಅಲ್ವಾ ಮಾಡ್ತಿರೋದು — ಇಪ್ಪತ್ತೆರಡು ವರ್ಷ, ಲಿಥಿಯಂ ಮೇಲೆ ಅವನ ಹನ್ನೊಂದು ಲೇಖನ, ಒಂದು ಬಹುಮಾನ, ಯಾರೂ ಕಾಫಿ ಕುಡಿಯುತ್ತಿಲ್ಲ, ಅಷ್ಟೂ ವರ್ಷ ಅಷ್ಟೂ ಬಾಟಲಿಗಳಲ್ಲಿ ಗಾಜಿನ ತುದಿಯಿಂದ ಒಂದು ಹನಿ, ಇನ್ನೊಂದು ಹನಿ, ಹನಿ.